ಬ್ರೆಕ್ಸಿಟ್ ಆದಮೇಲೂ ಯುರೋಪಿಗೆ ಫ್ರಾಕು ಕಳಿಸುತ್ತಿದ್ದೇನೆ: ನನ್ನ ಅನುಭವ

ಹೋದ ತಿಂಗಳು ಇಂಗ್ಲೆಂಡಿನಿಂದ ನೆದರ್ಲೆಂಡ್ಸಿನ ರಾಟರ್‌ಡ್ಯಾಮಿಗೆ ಹೋದ ನಮ್ಮ ಫ್ರಾಕಿನ ಪ್ಯಾಲೆಟ್‌ಗೆ (ಹಲಗೆಯ ಮೇಲೆ ಒಟ್ಟಿಗೆ ಕಟ್ಟಿದ ಪೆಟ್ಟಿಗೆಗಳು) ಸುಂಕ ಸೊನ್ನೆ. ಅದರ ಹಿಂದಿನ ತಿಂಗಳದ್ದಕ್ಕೂ ಸೊನ್ನೆ. ನನ್ನ ಲೆಕ್ಕದಲ್ಲಿ ಇದು ಸಾಲಾಗಿ ಇಪ್ಪತ್ತಾರನೆಯದೋ ಇಪ್ಪತ್ತೇಳನೆಯದೋ ಆಗಬೇಕು. "ಇಂಡಿಯಾ ಬಟ್ಟೆ ಹೊಲಿದು ಯುರೋಪಿಗೆ ಸುಂಕ ಇಲ್ಲದೆ ಕಳಿಸೋಕೆ ಆಗಲ್ಲಮ್ಮ, ಸುಮ್ನೆ ದುಡ್ಡು ಕಳ್ಕೋಬೇಡಿ" ಎಂದು ಬುದ್ಧಿ ಹೇಳಿದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಗಂಟೆ ಹೇಳುವ ಬದಲು ಒಮ್ಮೆ ಕೂತು ಬರೆದುಬಿಡೋಣ ಅನ್ನಿಸಿತು. ಇಒಆರ್‌ಐ (ಗಡಿಯಾಚೆ ವ್ಯಾಪಾರ ಮಾಡುವವರ ನೋಂದಣಿ ನಂಬರ್), ಕಮಾಡಿಟಿ ಕೋಡ್ (ಸುಂಕಕ್ಕಾಗಿ ವಸ್ತುವಿಗೆ ಕೊಡುವ ಸಂಖ್ಯೆ), ವ್ಯಾಟ್ (ಮಾರಾಟದ ಮೇಲಿನ ತೆರಿಗೆ) ರಿಟರ್ನ್ ಇವನ್ನೆಲ್ಲ ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಅಂಕಿಗಳು ನೆನಪಿನಿಂದ, ಐದು ಹತ್ತು ಪೌಂಡ್ ಆಚೀಚೆ ಇರಬಹುದು.

ನಮ್ಮದು ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಚಿಕ್ಕ ಹೊಲಿಗೆ ಘಟಕ. ಏಳು ಮೆಷಿನ್, ಒಂದು ಕಟಿಂಗ್ ಟೇಬಲ್. ಹೆಂಗಸರ ಹತ್ತಿ ಫ್ರಾಕು, ಮಕ್ಕಳ ಫ್ರಾಕು, ಅಷ್ಟೇ. ಬಟ್ಟೆ ಜೈಪುರದ ಕಡೆಯಿಂದ ಪ್ರಿಂಟ್ ಆಗಿ ಬರುತ್ತಿತ್ತು. ಇಲ್ಲಿ ಕತ್ತರಿಸಿ, ಹೊಲಿದು ಮಾರುತ್ತಿದ್ದೆವು. 2019ರಲ್ಲಿ ವಹಿವಾಟು ಸುಮಾರು 1,90,000 ಪೌಂಡ್. ಅದರಲ್ಲಿ 85,000 ನೆದರ್ಲೆಂಡ್ಸ್, ಬೆಲ್ಜಿಯಂ, ಜರ್ಮನಿ, ಡೆನ್ಮಾರ್ಕಿನ ಅಂಗಡಿಗಳಿಂದ. ಒಟ್ಟು ಇಪ್ಪತ್ಮೂರು ಅಂಗಡಿ. ಆಗ ಡೆನ್ಮಾರ್ಕಿಗೆ ಪೆಟ್ಟಿಗೆ ಕಳಿಸುವುದಕ್ಕೂ ಇಲ್ಲೇ ಹತ್ತಿರದ ಡಾರ್ಬಿಗೆ ಕಳಿಸುವುದಕ್ಕೂ ಕಾಗದದಲ್ಲಿ ವ್ಯತ್ಯಾಸವೇ ಇರಲಿಲ್ಲ. ವಿಳಾಸ ಬರೆಯುವುದು, ಕೊರಿಯರ್ ಹುಡುಗನ ಕೈಗೆ ಕೊಡುವುದು.

ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂಬ 2016ರ ಜೂನ್ 23ರ ಮತದಾನದಲ್ಲಿ ಲೆಸ್ಟರ್ ನಗರ ಕೂದಲೆಳೆ ಅಂತರದಲ್ಲಿ 'ಉಳಿಯೋಣ' ಎಂದಿತು. ದೇಶ ಶೇ. 51.9ರಷ್ಟು 'ಹೊರಡೋಣ' ಎಂದಿತು. ನಮಗೆ ಮೊದಲ ಏಟು ಬಿದ್ದದ್ದು ಮಾರನೆಯ ಬೆಳಿಗ್ಗೆಯೇ. ಒಂದೂವರೆ ಡಾಲರ್ ಹತ್ತಿರ ಇದ್ದ ಪೌಂಡ್ ರಾತ್ರೋರಾತ್ರಿ 1.32ಕ್ಕೆ ಕುಸಿಯಿತು. ನಮ್ಮ ಬಟ್ಟೆ ಬಿಲ್ಲು ಡಾಲರಿನಲ್ಲಿ. ಆ ವಾರ ಬಂದರಿನಲ್ಲಿ ಇದ್ದ ಒಂದು ಲಾಟಿಗೇ ಒಂಬೈನೂರು ಪೌಂಡ್ ಜಾಸ್ತಿ ಕೊಟ್ಟ ನೆನಪು. ಆದರೆ ನಿಜವಾದ ಹೊಡೆತ ನಾಲ್ಕೂವರೆ ವರ್ಷ ಆದಮೇಲೆ, ಬ್ರಿಟನ್ ಒಕ್ಕೂಟದ ಮಾರುಕಟ್ಟೆಯಿಂದ ಹೊರಬಿದ್ದ 2021ರ ಜನವರಿ 1ಕ್ಕೆ.

2020ರ ಡಿಸೆಂಬರಿನಲ್ಲಿ ನಾವು ಮಾಡಿದ ಒಂದೇ ಜಾಣ ಕೆಲಸ ಹೇಳುತ್ತೇನೆ. ಸುಮಾರು 400 ಫ್ರಾಕು ಮೊದಲೇ ಹೊಲಿದು ನೆದರ್ಲೆಂಡ್ಸಿನ ಉಟ್ರೆಕ್ಟಿನ ಒಂದು ಅಂಗಡಿಯವರ ಗೋದಾಮಿಗೆ ಕಳಿಸಿದೆವು. ಲಾರಿ ಫ್ರಾನ್ಸಿಗೆ ದಾಟುವ ಕೆಂಟ್ ತೀರ ತಲುಪುವ ಹೊತ್ತಿಗೆ, ಡಿಸೆಂಬರ್ 20ರ ರಾತ್ರಿ, ಕೊರೊನಾದ ಹೊಸ ತಳಿ ಎಂದು ಫ್ರಾನ್ಸ್ ಗಡಿ ಮುಚ್ಚಿತು. ಸಾವಿರಾರು ಲಾರಿ ರಸ್ತೆಯಲ್ಲಿ, ಮ್ಯಾನ್‌ಸ್ಟನ್ ವಿಮಾನ ನಿಲ್ದಾಣದ ರನ್‌ವೇಯಲ್ಲಿ ಸಾಲುಗಟ್ಟಿ ನಿಂತವು. ನಮ್ಮ ಮಾಲೂ ಅದರಲ್ಲೇ. 29ಕ್ಕೆ ತಲುಪಿತು. ಇನ್ನು ಮೂರು ದಿನ ತಡವಾಗಿದ್ದರೆ ಕಥೆ ಬೇರೆ. ಆ 400 ಫ್ರಾಕು ಏಪ್ರಿಲ್‌ವರೆಗೆ ನಮ್ಮನ್ನು ಉಸಿರಾಡಿಸಿದವು.

ಏಪ್ರಿಲಿನಲ್ಲಿ ಅದೇ ಅಂಗಡಿಗೆ ಹೊಸ ಆರ್ಡರ್ ಹೋಯಿತು. 5,000 ಯೂರೋ ಮಾಲು. ಡಿಸೆಂಬರ್ 24ಕ್ಕೆ ಬ್ರಿಟನ್–ಒಕ್ಕೂಟದ ವ್ಯಾಪಾರ ಒಪ್ಪಂದ ಆದಾಗ ಟಿವಿಯಲ್ಲಿ 'ಸುಂಕ ಸೊನ್ನೆ, ಕೋಟಾ ಸೊನ್ನೆ' ಎಂದು ಎಷ್ಟು ಸಲ ಹೇಳಿದ್ದರು! ನಾವೂ ನಂಬಿದ್ದೆವು. ನಮ್ಮ ಲೇಬಲ್ಲಿನಲ್ಲಿ 'ಮೇಡ್ ಇನ್ ಇಂಗ್ಲೆಂಡ್' ಎಂದೇ ಇದೆ ಅಲ್ವಾ? ಆದರೆ ಗಡಿಯಲ್ಲಿ ಸುಂಕದ ಕಾಗದ ನೋಡಿಕೊಳ್ಳುವ ಕ್ಲಿಯರಿಂಗ್ ಏಜೆಂಟ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಬಟ್ಟೆ ನೇಯ್ದಿದ್ದು ಎಲ್ಲಿ?" ಇಂಡಿಯಾ ಎಂದೆ. ಅಲ್ಲಿಗೆ ಮುಗಿಯಿತು. ಹೊಲಿಗೆ ಇಲ್ಲಿ ಆದರೆ ಸಾಲದು, ನೇಯ್ಗೆಯೂ ಇಲ್ಲಿ ಅಥವಾ ಒಕ್ಕೂಟದಲ್ಲಿ ಆಗಬೇಕು. ಲೇಬಲ್ಲಿಗೆ ಹಾಕುವ ಊರು ಬೇರೆ, ಸುಂಕದ ರಿಯಾಯಿತಿಗೆ ಬೇಕಾದ ಒರಿಜಿನ್ (ಒಪ್ಪಂದದ ಲೆಕ್ಕದಲ್ಲಿ ಮಾಲು ಯಾವ ದೇಶದ್ದು ಎಂಬುದು) ಬೇರೆ. ಶೇ. 12ರಂತೆ 600 ಯೂರೋ ಸುಂಕ, ಅದರ ಮೇಲೆ ಶೇ. 21 ವ್ಯಾಟ್, ಏಜೆಂಟ್ ಫೀ. ಎಲ್ಲ ಸೇರಿ 1,800 ಯೂರೋ ಮುಂಗಡ ಕಟ್ಟಿ ಎಂದು ಅಂಗಡಿಯಾಕೆಗೆ ಬಿಲ್ಲು ಹೋಯಿತು. ಪಾಪ, ಆಕೆ ಹನ್ನೊಂದು ವರ್ಷದ ಗಿರಾಕಿ. ಒಂದು ಮಾತು ಜೋರಾಗಿ ಆಡಲಿಲ್ಲ. ಮಾಲು ವಾಪಸ್ ಕಳಿಸಿದರು. ವಾಪಸ್ ಬಂದಾಗ ಇಲ್ಲಿ ಮತ್ತೆ ಸುಂಕ ಬೀಳದ ಹಾಗೆ ರಿಟರ್ನ್ಡ್ ಗೂಡ್ಸ್ ರಿಲೀಫ್ ಎಂಬ ವಿನಾಯಿತಿ ಕೇಳಬೇಕು. ಅದೂ ನನಗೆ ಆಗ ಗೊತ್ತಿರಲಿಲ್ಲ. ಹೋಗಿ ಬರುವ ಬಾಡಿಗೆ, ಫೀ ಎಲ್ಲ ಸೇರಿ 430 ಪೌಂಡ್ ಹೋಯಿತು.

ಬಟ್ಟೆ ಬ್ರಿಟನ್ನಿಗೆ ಬರುವಾಗ ಒಮ್ಮೆ ಸುಂಕ, ಫ್ರಾಕಾಗಿ ಯುರೋಪಿಗೆ ಹೋಗುವಾಗ ಇನ್ನೊಮ್ಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ. ದೊಡ್ಡ ಕಂಪನಿಗಳು ನೆದರ್ಲೆಂಡ್ಸಿನಲ್ಲಿ ಗೋದಾಮು ತೆಗೆದು ಇಂಡಿಯಾದಿಂದ ಅಲ್ಲಿಗೇ ನೇರ ಇಳಿಸಿಕೊಂಡವು. ಏಳು ಮೆಷಿನ್ ಇಟ್ಟುಕೊಂಡವರು ಏನು ಮಾಡಬೇಕು? 2021ರ ಫೆಬ್ರುವರಿಯಲ್ಲಿ ಸರ್ಕಾರ ಸಣ್ಣ ವ್ಯಾಪಾರಿಗಳಿಗೆ ಎಂದು 2 ಕೋಟಿ ಪೌಂಡಿನ ನಿಧಿ ಘೋಷಿಸಿತು, ಒಬ್ಬರಿಗೆ 2,000 ಪೌಂಡ್‌ವರೆಗೆ. ಆಸೆಯಿಂದ ಓದಿದೆ. ಯುರೋಪಿನ ಜೊತೆ ಮಾತ್ರ ವ್ಯಾಪಾರ ಇದ್ದವರಿಗೆ ಅದು. ನಾವು ಇಂಡಿಯಾದಿಂದ ಬಟ್ಟೆ ತರಿಸುವವರು. ಅರ್ಹರಲ್ಲ. ಆ ವರ್ಷದ ಕೊನೆಗೆ ಇಪ್ಪತ್ಮೂರು ಅಂಗಡಿಯಲ್ಲಿ ಉಳಿದದ್ದು ಆರು. ಯುರೋಪಿನ ವಹಿವಾಟು 85,000ದಿಂದ 22,000ಕ್ಕೆ ಇಳಿಯಿತು. ಆ ಆರಕ್ಕೂ ಸುಂಕ ನಾವೇ ಕಟ್ಟಿಕೊಂಡೆವು. ಅಂದರೆ ಲಾಭ ಏನೂ ಇಲ್ಲ, ಗಿರಾಕಿ ಕೈಬಿಡಬಾರದು ಎಂದು ಅಷ್ಟೇ.

ಆ ಚಳಿಗಾಲ ನಾನು ಒಪ್ಪಂದ ಓದಲು ಕೂತೆ. 1,200ಕ್ಕೂ ಜಾಸ್ತಿ ಪುಟ. ಪೂರ್ತಿ ಓದಿದೆ ಎನ್ನುವುದಿಲ್ಲ, ನಮಗೆ ಬೇಕಾದ್ದು ಒರಿಜಿನ್ ಅನುಬಂಧ. ಅದರಲ್ಲಿ 62ನೇ ಅಧ್ಯಾಯ, ಅಂದರೆ ನೇಯ್ದ ಬಟ್ಟೆಯ ಉಡುಪು. ಒಂದು ಸಾಲು: ನೇಯ್ಗೆ ಮತ್ತು ಕತ್ತರಿಸಿ ಹೊಲಿಯುವುದು, ಎರಡೂ ಆಗಬೇಕು. ಅದು ಎಲ್ಲರಿಗೂ ಗೊತ್ತು. ಅದರ ಕೆಳಗೆ 'ಅಥವಾ' ಎಂದು ಇನ್ನೊಂದು ಸಾಲು: ಮೊದಲು ಪ್ರಿಂಟಿಂಗ್, ಆಮೇಲೆ ಕತ್ತರಿಸಿ ಹೊಲಿಯುವುದು. ನಾಲ್ಕು ಸಲ ಓದಿದೆ. ಬಟ್ಟೆ ಎಲ್ಲಿಯದಾದರೂ ಇರಲಿ, ಪ್ರಿಂಟ್ ಇಲ್ಲಿ ಆಗಿ, ಕತ್ತರಿ ಇಲ್ಲಿ ಬಿದ್ದು, ಹೊಲಿಗೆ ಇಲ್ಲಿ ಆಗಿ, ಪ್ರಿಂಟಿಂಗಿಗೆ ಒಪ್ಪಂದ ಹಾಕಿರುವ ಷರತ್ತುಗಳನ್ನೂ ಪಾಲಿಸಿದರೆ ಬ್ರಿಟನ್ ಒರಿಜಿನ್. ರಾತ್ರಿ ಹನ್ನೊಂದೂವರೆ. ನಮ್ಮ ಯಜಮಾನರನ್ನು ಎಬ್ಬಿಸಿ ಓದಿಸಿದೆ. "ಏನೇ ಇದು, ಇಷ್ಟು ಸುಲಭ ಇದ್ದಿದ್ದರೆ ಎಲ್ಲರೂ ಮಾಡ್ತಿರಲಿಲ್ವಾ?" ಎಂದು ತಿರುಗಿ ಮಲಗಿದರು. ಮಾರನೆಯ ದಿನ ಅಕೌಂಟೆಂಟ್ ಕೂಡ ಹೆಚ್ಚು ಕಡಿಮೆ ಅದನ್ನೇ ಹೇಳಿದರು.

ಸುಲಭ ಇರಲಿಲ್ಲ. ಅಲ್ಲಿಂದ ಒಂದೂವರೆ ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಮೊದಲ ತಪ್ಪು ತೀರ ಪೆದ್ದುತನದ್ದು. ಬಿಳಿ ಬಟ್ಟೆಯಲ್ಲಿ 180 ಫ್ರಾಕು ಹೊಲಿಸಿದೆ. ಆಮೇಲೆ ಅಂಚಿಗೆ, ಜೇಬಿಗೆ ಪ್ರಿಂಟ್ ಹಾಕಿಸಿದೆ. ನೋಡಲು ಚೆಂದ. ಆದರೆ ನಿಯಮ ಕೇಳುವುದು ಮೊದಲು ಪ್ರಿಂಟ್, ಆಮೇಲೆ ಕತ್ತರಿ. ನಾನು ಮಾಡಿದ್ದು ತಿರುಗಾಮುರುಗ. ಏಜೆಂಟ್ ಒಂದೇ ನೋಟಕ್ಕೆ ಹಿಡಿದರು. ಆ 180 ಫ್ರಾಕನ್ನು ಇಲ್ಲಿನ ಭಾನುವಾರದ ಸಂತೆಗಳಲ್ಲಿ ಅಸಲಿಗೇ ಮಾರಿದೆ.

ಎರಡನೆಯದು ಟಿ-ಶರ್ಟು. ಪ್ರಿಂಟ್ ಮಾಡಿದರೆ ಒರಿಜಿನ್ ಸಿಗುತ್ತದೆ ಎಂಬ ಹುಮ್ಮಸ್ಸಿನಲ್ಲಿ ನಿಟ್ (ಹೆಣೆದ) ಬಟ್ಟೆ ತರಿಸಿ, ಪ್ರಿಂಟ್ ಮಾಡಿಸಿ, ಕತ್ತರಿಸಿ ಮಕ್ಕಳ ಟಿ-ಶರ್ಟ್ ಹೊಲಿಸಿದೆ. ಈ ಸಲ ಕ್ರಮ ಸರಿ ಇತ್ತು. ಆದರೆ ಹೆಣೆದ ಬಟ್ಟೆ 61ನೇ ಅಧ್ಯಾಯ. ಅಲ್ಲಿ ಆ 'ಅಥವಾ ಪ್ರಿಂಟಿಂಗ್' ಸಾಲೇ ಇಲ್ಲ. ಪಕ್ಕದ ಪುಟ ಓದದೆ 640 ಪೌಂಡ್ ಕಳೆದೆ. ಖಾಲಿ ಟಿ-ಶರ್ಟ್ ತರಿಸಿ ಇಲ್ಲಿ ಪ್ರಿಂಟ್ ಹಾಕಿ ಯುರೋಪಿಗೆ ಕಳಿಸುವವರು ಇದನ್ನು ದಯವಿಟ್ಟು ಎರಡು ಸಲ ಓದಿ.

ಮೂರನೆಯದು ನನಗೆ ಇಂದಿಗೂ ಬೇಜಾರು. ಮರದ ಅಚ್ಚಿನಲ್ಲಿ ಕೈಯಿಂದ ಒತ್ತುವ ಪ್ರಿಂಟ್ ನನಗೆ ಪ್ರಾಣ. ಜೈಪುರದಿಂದ ಹದಿನಾಲ್ಕು ಅಚ್ಚು ತರಿಸಿ ನಾನೇ ಕಲಿತು ಅರವತ್ತು ಮೀಟರ್ ಒತ್ತಿದೆ. ಒಪ್ಪಂದದಲ್ಲಿ ಪ್ರಿಂಟಿಂಗ್ ಎಂದರೆ ಏನು ಎಂಬ ವಿವರಣೆ ಬೇರೆ ಕಡೆ ಇದೆ. ಅದರಲ್ಲಿ ಹೆಸರಿಸಿರುವುದು ನಾಲ್ಕು: ಸ್ಕ್ರೀನ್, ರೋಲರ್, ಡಿಜಿಟಲ್, ಟ್ರಾನ್ಸ್‌ಫರ್. ಅಚ್ಚು ಇಲ್ಲ. ವಾದ ಮಾಡಬಹುದಿತ್ತೋ ಏನೋ. ಆದರೆ ಸುಂಕದವರ ಜೊತೆ ವಾದ ಮಾಡುವಷ್ಟು ದುಡ್ಡು ನಮ್ಮಂಥವರ ಹತ್ತಿರ ಇರುವುದಿಲ್ಲ. ಆ ಅಚ್ಚುಗಳು ಈಗ ಆಫೀಸಿನ ಗೋಡೆಯ ಮೇಲಿವೆ. ಅದರಲ್ಲಿ ಎರಡರ ನಮೂನೆಯನ್ನು ಸ್ಕ್ರೀನಿಗೆ ಇಳಿಸಿಕೊಂಡೆ. ಅವೇ ಇವತ್ತಿಗೂ ಅತಿ ಹೆಚ್ಚು ಮಾರುವ ಡಿಸೈನು.

ನಡುವೆ ಬೇರೆ ದಾರಿಯನ್ನೂ ನೋಡಿದೆ. ಒಕ್ಕೂಟದ ಒಳಗೆ ನೇಯ್ದ ಬಟ್ಟೆ ತಂದು ಇಲ್ಲಿ ಹೊಲಿದರೆ ಅದೂ ಲೆಕ್ಕಕ್ಕೆ ಬರುತ್ತದೆ, ಬಟ್ಟೆಯವರು ಒರಿಜಿನ್ ಪತ್ರ ಕೊಟ್ಟರೆ ಸಾಕು. ಪೋರ್ಚುಗಲ್‌ನಿಂದ 80 ಮೀಟರ್ ತರಿಸಿದೆ. ಬಟ್ಟೆ ಬಹಳ ಚೆನ್ನಾಗಿತ್ತು, ಒಗೆದ ಮೇಲೂ ಅಳತೆ ಬದಲಾಗಲಿಲ್ಲ. ಮೀಟರಿಗೆ ಏಳು ಪೌಂಡ್ ಚಿಲ್ಲರೆ. ನಮ್ಮ ಬೆಲೆಗೆ ಒಗ್ಗಲಿಲ್ಲ. ಮ್ಯಾಂಚೆಸ್ಟರಿನ ಗೆಳತಿಯೊಬ್ಬಳು ಟರ್ಕಿ ಬಟ್ಟೆ ಹಿಡಿದಳು. ಟರ್ಕಿ ಜೊತೆ ಬ್ರಿಟನ್ನಿಗೂ ಒಪ್ಪಂದ ಇದೆ, ಒಕ್ಕೂಟಕ್ಕೂ ಇದೆ, ಸರಿಹೋಗುತ್ತದೆ ಎಂದು. ಹೋಗಲಿಲ್ಲ. ಬ್ರಿಟನ್–ಒಕ್ಕೂಟದ ಒಪ್ಪಂದದಲ್ಲಿ ಲೆಕ್ಕಕ್ಕೆ ಬರುವುದು ಆ ಇಬ್ಬರ ವಸ್ತು ಮಾತ್ರ. ಮೂರನೆಯವರದ್ದು ಯಾರದ್ದಾದರೂ ಪರದೇಶದ್ದೇ. ಗುಂಡಿ, ಜಿಪ್ಪು ಮಾತ್ರ ಎಲ್ಲಿಂದ ಬಂದರೂ ತೊಂದರೆ ಇಲ್ಲ, ಅವು ಜವಳಿ ಅಧ್ಯಾಯಗಳಲ್ಲಿ ಬರುವುದಿಲ್ಲ.

ಕೊನೆಗೆ ಹೋದದ್ದು ಕಾಕಾ ಹತ್ತಿರ. ಇಲ್ಲಿನ ಗುಜರಾತಿ ಹಿರಿಯರು, ಉಗಾಂಡಾದಿಂದ ಬಂದ ಮನೆತನ. ಪ್ರಿಂಟಿಂಗ್ ಬಿಟ್ಟು ಹತ್ತು ವರ್ಷ ಆಗಿತ್ತು. ಆದರೆ 18 ಮೀಟರಿನ ಟೇಬಲನ್ನು ಮಾರದೆ ಉಳಿಸಿಕೊಂಡಿದ್ದರು, ಮೇಲೆ ಹಳೇ ಪೆಟ್ಟಿಗೆಗಳನ್ನು ಜೋಡಿಸಿ. "ಬೇಟಿ, ಇದನ್ನ ಈಗ ಯಾರು ಕೇಳ್ತಾರೆ?" ಎಂದರು. ನಾನು ಒಪ್ಪಂದದ ಆ ಪುಟದ ಪ್ರಿಂಟ್‌ಔಟ್ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ಪೆಟ್ಟಿಗೆ ಇಳಿಸಲು ಶುರು ಮಾಡಿದರು.

ಟೇಬಲ್ ಕೆಲಸ ನೋಡದವರಿಗೆ ಹೇಳುತ್ತೇನೆ. ಥಾನು ಬಿಚ್ಚಿ, ಅಂಟು ಸವರಿದ ಟೇಬಲಿನ ಮೇಲೆ ಒಂದು ಸುಕ್ಕಿಲ್ಲದ ಹಾಗೆ ಹಾಸಬೇಕು. ಆಚೆ ಒಬ್ಬರು, ಈಚೆ ಒಬ್ಬರು ಸ್ಕ್ರೀನ್ (ನಮೂನೆ ಇರುವ ಜಾಲರಿಯ ಚೌಕಟ್ಟು) ಹಿಡಿದು ನಿಲ್ಲುತ್ತಾರೆ. ಬಣ್ಣ ಸುರಿದು ಸ್ಕ್ವೀಜಿ (ರಬ್ಬರ್ ಪಟ್ಟಿ) ಎಳೆದರೆ ಸರ್ರ್ ಎಂಬ ಒಂದೇ ಸದ್ದು ಬರಬೇಕು. ನಡುವೆ ಸದ್ದು ಮುರಿದರೆ ಕಾಕಾ ತಿರುಗಿ ನೋಡದೆಯೇ "ಅಲ್ಲಿ ಬಣ್ಣ ಕಡಿಮೆ" ಎನ್ನುತ್ತಾರೆ. ನೋಡಿದರೆ ಹೌದು. ಒಂದು ಬಿಟ್ಟು ಒಂದು ಚೌಕ ಹಾಕುತ್ತಾ ಹೋಗಿ, ಒಣಗಿದ ಮೇಲೆ ವಾಪಸ್ ಬಂದು ಬಿಟ್ಟ ಚೌಕಗಳನ್ನು ತುಂಬುವುದು. ಸೇರುವ ಜಾಗದಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಫ್ರಾಕಿನ ಎದೆಯ ಮೇಲೆ ಗೆರೆ ಕಾಣುತ್ತದೆ.

ಮೊದಲ 110 ಮೀಟರ್ ಹಾಳಾಯಿತು. ಬಣ್ಣ ಚೆನ್ನಾಗಿಯೇ ಕೂತಿತ್ತು. ಮನೆಯಲ್ಲಿ 60 ಡಿಗ್ರಿಗೆ ಮೂರು ಸಲ ಒಗೆದೆ, ಅರ್ಧ ಬಣ್ಣ ನೀರಲ್ಲಿ. ಹಳೇ ಹೀಟರಿನ ಒಂದು ಬದಿ ಸತ್ತಿತ್ತು, ಪಿಗ್ಮೆಂಟ್ ಬಣ್ಣ ಗಟ್ಟಿಯಾಗಿ ಕೂರಲು ಬೇಕಾದ 150 ಡಿಗ್ರಿ ಆ ಬದಿಗೆ ಸಿಕ್ಕಿರಲಿಲ್ಲ. ಒಪ್ಪಂದದ ವಿವರಣೆಯಲ್ಲಿ ಪ್ರಿಂಟ್ ಶಾಶ್ವತವಾಗಿರಬೇಕು ಎಂದೂ ಇದೆ, ಹಾಗಾಗಿ ಬಣ್ಣ ಬಿಡುವ ಬಟ್ಟೆ ಗಿರಾಕಿಗೂ ಬೇಡ, ಕಾನೂನಿಗೂ ಬೇಡ. 670 ಪೌಂಡ್ ಅಲ್ಲಿ ಹೋಯಿತು. ಹೊಸ ಎಲಿಮೆಂಟ್ ಹಾಕಿಸಲು ಇನ್ನೊಂದು 300. ಬಣ್ಣವನ್ನು ಬಟ್ಟೆಗೆ ಹಿಡಿಸುವ ಬೈಂಡರ್ ಎಷ್ಟು, ಯಾವುದು ಎಂಬುದನ್ನು ಕಾಕಾ ತಮ್ಮ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾರೆ, ಅದನ್ನು ನಾನು ಇಲ್ಲಿ ಹೇಳಲ್ಲ. ಅದು ಅವರ ಆಸ್ತಿ.

ಈಗ ಎಲ್ಲರೂ ನಕ್ಕ ಲೆಕ್ಕಕ್ಕೆ ಬರೋಣ. ಇಂಡಿಯಾದಲ್ಲೇ ಪ್ರಿಂಟ್ ಆದ ಬಟ್ಟೆ ಇಲ್ಲಿ ಇಳಿಯುವಾಗ ಮೀಟರಿಗೆ 3.20 ಪೌಂಡ್. ಬಿಳಿ ಬಟ್ಟೆ 1.90. ನಾಲ್ಕು ಬಣ್ಣಕ್ಕೆ ಕಾಕಾ ದರ 4.20. ಅಂದರೆ 6.10. ಮೀಟರಿಗೆ 2.90 ಜಾಸ್ತಿ. ಒಂದು ಫ್ರಾಕಿಗೆ ಎರಡೂಕಾಲು ಮೀಟರ್, ಹಾಗಾಗಿ ಫ್ರಾಕಿಗೆ ಆರೂವರೆ ಪೌಂಡ್ ಹೆಚ್ಚುವರಿ. ಸಗಟು ಬೆಲೆ 36 ಪೌಂಡ್, ಅದಕ್ಕೆ ಶೇ. 12 ಸುಂಕ ಎಂದರೆ 4.30. "4.30 ಉಳಿಸೋಕೆ 6.50 ಖರ್ಚು ಮಾಡ್ತಾರಂತೆ" ಎಂದು ನಮ್ಮ ದಂಧೆಯಲ್ಲಿ ಮಾತಾಯಿತು. ಆಗ ಅವರು ಹೇಳಿದ್ದು ಸರಿಯೇ ಇತ್ತು. ಸುಂಕ ಕಟ್ಟುವುದೇ ಅಗ್ಗ.

ನಾನು ಮೂರು ಕಡೆ ಕೈ ಹಾಕಿದೆ. ನಾಲ್ಕು ಬಣ್ಣ ಎರಡಾಯಿತು. ಒಂದರ ಮೇಲೊಂದು ಬಿದ್ದ ಕಡೆ ತಾನಾಗಿಯೇ ಮೂರನೆಯ ಬಣ್ಣ ಹುಟ್ಟುವ ಹಾಗೆ ಡಿಸೈನ್ ಬರೆಸಿದೆ. ನೂರು ಮೀಟರ್ ಬದಲು ಒಂದೇ ಸಲ 400 ಮೀಟರ್ ಹಾಕಿಸಿದೆ. ಕಾಕಾ ದರ 2.60ಕ್ಕೆ ಇಳಿಯಿತು. ಮೂರನೆಯದು ನನ್ನ ಹೆಮ್ಮೆ. ಪ್ರಿಂಟ್ ನಮ್ಮ ಕೈಯಲ್ಲೇ ಇದ್ದ ಮೇಲೆ, ಕಟಿಂಗ್ ಮಾರ್ಕರ್ (ಯಾವ ತುಂಡು ಬಟ್ಟೆಯ ಎಲ್ಲಿ ಕತ್ತರಿಸಬೇಕೆಂಬ ನಕ್ಷೆ) ಹೇಗಿದೆಯೋ ಹಾಗೆಯೇ ಡಿಸೈನನ್ನು ಬಟ್ಟೆಯ ಮೇಲೆ ಕೂರಿಸಬಹುದು. ತೋಳು ಎಲ್ಲಿ, ಕೊರಳಪಟ್ಟಿ ಎಲ್ಲಿ ಎಂದು ಮೊದಲೇ ತೀರ್ಮಾನ. ಹೂವು ಹೊಂದಿಸಲು ಬಟ್ಟೆ ಬಿಡುವ ಅಗತ್ಯವೇ ಬರಲಿಲ್ಲ. ಎರಡೂಕಾಲು ಮೀಟರ್ ಎರಡಕ್ಕೆ ಬಂತು. ಮಾರ್ಕರನ್ನು ಯಾವ ಕೋನಕ್ಕೆ ತಿರುಗಿಸಿದೆವು ಎಂಬುದು ನಮ್ಮ ಕಟಿಂಗ್ ಮಾಸ್ಟರಿಗೂ ನನಗೂ ಮಾತ್ರ ಗೊತ್ತು, ಹಾಗೇ ಇರಲಿ. ಈಗಿನ ಲೆಕ್ಕ: ಎರಡು ಮೀಟರಿಗೆ 9 ಪೌಂಡ್. ಹಳೇ ಲೆಕ್ಕ 7.20. ಹೆಚ್ಚುವರಿ 1.80, ಉಳಿಯುವ ಸುಂಕ 4.30. ಫ್ರಾಕಿಗೆ ಎರಡೂವರೆ ಪೌಂಡ್ ಕೈಗೆ. ಹೋದ ವರ್ಷ ಯುರೋಪಿಗೆ 2,600 ಫ್ರಾಕು ಹೋಗಿರಬೇಕು. ನೀವೇ ಗುಣಿಸಿ.

ಇದಲ್ಲದೆ ನಾನು ಎಣಿಸದ ಒಂದು ಲಾಭ ಬಂತು. ಮೊದಲೆಲ್ಲ ಇಂಡಿಯಾದಲ್ಲಿ ಒಂದು ಡಿಸೈನಿಗೆ ಕಡಿಮೆ ಎಂದರೂ 1,000 ಮೀಟರ್ ಹಾಕಿಸಬೇಕಿತ್ತು. ಓಡದ ಡಿಸೈನು ಕಪಾಟಿನಲ್ಲಿ ಕೊಳೆಯುತ್ತಿತ್ತು. ಈಗ ಬಿಳಿ ಥಾನು ಇರುತ್ತದೆ, ಅಂಗಡಿಯವರು ಕೇಳಿದ ಬಣ್ಣ ಹಾಕುತ್ತೇವೆ. ಸತ್ತ ಸರಕಿನ ಬಾಬ್ತು ವರ್ಷಕ್ಕೆ ನಾಲ್ಕು ಸಾವಿರ ಪೌಂಡ್ ಆದರೂ ಕಡಿಮೆ ಆಗಿದೆ. ಬಿಳಿ ಬಟ್ಟೆ ಬ್ರಿಟನ್ನಿಗೆ ಬರುವಾಗ ಬೀಳುವ ಸುಂಕಕ್ಕೂ ಒಂದು ದಾರಿ ಇದೆ. ಇನ್‌ವರ್ಡ್ ಪ್ರೊಸೆಸಿಂಗ್ (ತರಿಸಿ, ಕೆಲಸ ಮಾಡಿ, ಹೊರಗೆ ಕಳಿಸುವ ಮಾಲಿಗೆ ಆಮದು ಸುಂಕ ಬಿಡುವ ವ್ಯವಸ್ಥೆ) ಗೊತ್ತಿರುವವರು ಈಗಾಗಲೇ ಊಹಿಸಿರುತ್ತಾರೆ. ಅದರ ವಿವರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಸಾಗಣೆಯಲ್ಲೂ ಒಂದು ಬದಲಾವಣೆ ಮಾಡಿದೆ. ಒಂದೊಂದು ಅಂಗಡಿಗೆ ಒಂದೊಂದು ಪೆಟ್ಟಿಗೆ ಕಳಿಸಿದರೆ ಪ್ರತಿ ಪೆಟ್ಟಿಗೆಗೂ 50–60 ಪೌಂಡ್ ಕ್ಲಿಯರೆನ್ಸ್. ಅದರ ಬದಲು ಎಲ್ಲ ಆರ್ಡರ್ ಒಟ್ಟು ಮಾಡಿ ತಿಂಗಳಿಗೆ ಒಂದು ಪ್ಯಾಲೆಟ್. ಇಲ್ಲಿನ ಹಾರ್ವಿಚ್ ಬಂದರಿನಿಂದ ರಾತ್ರಿ ಹಡಗು, ಬೆಳಿಗ್ಗೆ ರಾಟರ್‌ಡ್ಯಾಮಿನ ಹುಕ್ ಆಫ್ ಹಾಲೆಂಡ್ ಬಂದರು. ಅಲ್ಲಿ ನಮ್ಮದೇ ಡಚ್ ವ್ಯಾಟ್ ನಂಬರಿನಲ್ಲಿ ಒಂದೇ ಸಲ ಕ್ಲಿಯರ್ ಆಗಿ, ಅಲ್ಲಿಂದ ಸ್ಥಳೀಯ ಅಂಚೆಯಲ್ಲಿ ಅಂಗಡಿಗಳಿಗೆ. ನೆದರ್ಲೆಂಡ್ಸಿನಲ್ಲಿ ಆರ್ಟಿಕಲ್ 23 ಪರವಾನಗಿ ಇದ್ದರೆ ಆಮದು ವ್ಯಾಟನ್ನು ಬಂದರಿನಲ್ಲೇ ಕಟ್ಟಬೇಕಿಲ್ಲ, ರಿಟರ್ನಿನಲ್ಲಿ ತೋರಿಸಿದರೆ ಸಾಕು. ಆದರೆ ಹೊರಗಿನವರಿಗೆ ಅಲ್ಲಿನ ಫಿಸ್ಕಲ್ ಪ್ರತಿನಿಧಿ (ತೆರಿಗೆ ವ್ಯವಹಾರ ನೋಡಿಕೊಳ್ಳುವವರು) ಬೇಕು, ಬ್ಯಾಂಕ್ ಗ್ಯಾರಂಟಿ ಇಡಬೇಕು. ನಮ್ಮದು 5,000 ಯೂರೋ ಗ್ಯಾರಂಟಿ, ವರ್ಷಕ್ಕೆ ಸುಮಾರು 1,500 ಯೂರೋ ಫೀ. ಕಸ್ಟಮ್ಸ್ ಏಜೆಂಟ್ ಸಿಗುವುದು ಇನ್ನೂ ಕಷ್ಟ. ಹೊರಗಿನ ಕಂಪನಿ ಪರವಾಗಿ ಸಹಿ ಹಾಕಿದರೆ ಸುಂಕದ ಹೊಣೆ ಅವರ ತಲೆಗೂ ಬರುತ್ತದೆ. ಏಳು ಜನ ಆಗಲ್ಲ ಎಂದರು, ಎಂಟನೆಯವರು ಕಾಗದ ಎಲ್ಲ ನೋಡಿ ಒಪ್ಪಿದರು.

ಕಾಗದದ ವಿಷಯಕ್ಕೆ ಬಂದರೆ, ಇನ್‌ವಾಯ್ಸ್ ಮೇಲೆ ಒರಿಜಿನ್ ಹೇಳಿಕೆ ಒಪ್ಪಂದದಲ್ಲಿ ಇರುವ ಹಾಗೆಯೇ, ಒಂದು ಪದ ಬದಲಿಸದೆ ಹಾಕಿ. 6,000 ಯೂರೋಗಿಂತ ಜಾಸ್ತಿ ಮಾಲಿಗೆ ನಿಮ್ಮ ಇಒಆರ್‌ಐ ನಂಬರ್ ಅದರಲ್ಲಿ ಇರಲೇಬೇಕು. ನನ್ನ ಎರಡನೇ ಪ್ಯಾಲೆಟ್‌ನಲ್ಲಿ ಆ ಹೇಳಿಕೆ ಪ್ಯಾಕಿಂಗ್ ಗಡಿಬಿಡಿಯಲ್ಲಿ ಬಿಟ್ಟುಹೋಯಿತು. 900 ಯೂರೋ ಚಿಲ್ಲರೆ ಸುಂಕ ಕಟ್ಟಿಸಿಕೊಂಡರು. ಮೂರು ವರ್ಷದ ಒಳಗೆ ಕೇಳಿದರೆ ವಾಪಸ್ ಪಡೆಯುವ ಅವಕಾಶ ಇದೆ. ಕೇಳಿದೆ, ಏಳು ತಿಂಗಳ ಮೇಲೆ ಬಂತು. ನಾನು ಲೆಕ್ಕ ಹಾಕಿದ ಇಪ್ಪತ್ತಾರು ಅದರ ನಂತರದ್ದು.

2024ರಲ್ಲಿ ಆ ಪತ್ರ ಬಂತು. ಯುರೋಪಿನ ಸುಂಕದವರು ನಮ್ಮ ಒಂದು ಪ್ಯಾಲೆಟ್‌ನ ಒರಿಜಿನ್ ಪರಿಶೀಲನೆ ಕೇಳಿದ್ದಾರೆ, ಪುರಾವೆ ಕೊಡಿ ಎಂದು. ಓದುವಾಗ ಕೈ ನಡುಗಿತು, ಸುಳ್ಳು ಹೇಳಲ್ಲ. ಆದರೆ ಮೊದಲ ದಿನದಿಂದ ನಾನು ಪ್ರತಿ ಲಾಟಿಗೂ ಒಂದು ಕಡತ ಇಟ್ಟಿದ್ದೆ. ಬಿಳಿ ಬಟ್ಟೆಯ ಆಮದು ಕಾಗದ, ಕಾಕಾ ಬಿಲ್ಲು, ಯಾವ ದಿನ ಯಾವ ಸ್ಕ್ರೀನು ಎಂಬ ಹಾಳೆ, ಕಟಿಂಗ್ ಶೀಟು, ಟೇಬಲಿನ ಮೇಲೆ ಹಾಸಿದ ಬಟ್ಟೆಯ ಫೋಟೋ ತಾರೀಖಿನ ಸಮೇತ. ಜೊತೆಗೆ ಒಂದು ಅಂಗೈಯಗಲ ಬಿಳಿ ತುಂಡು, ಅದರ ಪಕ್ಕ ಪ್ರಿಂಟ್ ಆದ ತುಂಡು, ಎರಡನ್ನೂ ಹಾಳೆಗೆ ಪಿನ್ ಮಾಡಿರುತ್ತೇನೆ. ನಾಲ್ಕು ವರ್ಷ ಇಡಬೇಕು ಎಂಬುದು ನಿಯಮ, ನಾನು ಆರು ವರ್ಷ ಇಡುತ್ತೇನೆ. ಸ್ಕ್ಯಾನ್ ಮಾಡಿ 46 ಪುಟ ಕಳಿಸಿದೆ. ಒಂದೆರಡು ಮರುಪ್ರಶ್ನೆ ಬಂತು, ಪ್ರಿಂಟ್ ತಾರೀಖಿಗೂ ಕಟಿಂಗ್ ತಾರೀಖಿಗೂ ಎಷ್ಟು ದಿನ ಅಂತರ ಎಂದು. ಐದು ತಿಂಗಳಾದ ಮೇಲೆ 'ಒರಿಜಿನ್ ದೃಢಪಟ್ಟಿದೆ' ಎಂಬ ಒಂದು ಸಾಲು ಬಂತು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಕಾಗದ ತೋರಿಸಿದಾಗ ನಮ್ಮ ಯಜಮಾನರು "ಸರಿ ಮಾರಾಯ್ತಿ, ಇನ್ನು ಮೇಲೆ ಮಲಗಿದವರನ್ನ ಎಬ್ಬಿಸಿದ್ರೂ ಎದ್ದು ಕೂರ್ತೀನಿ" ಎಂದರು.

ಚಿಲ್ಲರೆ ಗಿರಾಕಿಗಳ ಪಾರ್ಸೆಲಿಗೆ ಈ ಕಸರತ್ತು ಬೇಕಿರಲಿಲ್ಲ. 150 ಯೂರೋ ಒಳಗಿನ ಪಾರ್ಸೆಲಿಗೆ ನಾನು ಕಳಿಸುತ್ತಾ ಬಂದಷ್ಟು ದಿನ ಸುಂಕ ಇರಲಿಲ್ಲ. ವ್ಯಾಟನ್ನು 2021ರ ಜುಲೈನಿಂದ ಐಒಎಸ್‌ಎಸ್‌ ಎಂಬ ಒಕ್ಕೂಟದ ವ್ಯಾಟ್ ವ್ಯವಸ್ಥೆಯಲ್ಲಿ ಮಾರುವಾಗಲೇ ವಸೂಲಿ ಮಾಡುವುದು. ಅಲ್ಲಿ ಬೇರೆ ತಮಾಷೆ. ಅದೇ ಮಗುವಿನ ಫ್ರಾಕಿಗೆ ಬ್ರಿಟನ್ನಿನಲ್ಲಿ ವ್ಯಾಟ್ ಸೊನ್ನೆ, ಐರ್ಲೆಂಡಿನಲ್ಲೂ ಸೊನ್ನೆ, ಜರ್ಮನಿಯಲ್ಲಿ 19, ನೆದರ್ಲೆಂಡ್ಸಿನಲ್ಲಿ 21. ಒಂದೇ ಬೆಲೆ ಹಾಕಿ ಮೊದಲ ಮೂರು ತಿಂಗಳು ಕೈ ಸುಟ್ಟುಕೊಂಡೆ.

2024ರ ಡಿಸೆಂಬರ್ 13ರಿಂದ ಒಕ್ಕೂಟದ ಹೊಸ ಸುರಕ್ಷತಾ ನಿಯಮ ಬಂತು. ಮಾರುವ ಪ್ರತಿ ವಸ್ತುವಿಗೂ ಒಕ್ಕೂಟದ ಒಳಗೆ ಒಬ್ಬ ಜವಾಬ್ದಾರ ಇರಬೇಕು, ಅವರ ವಿಳಾಸ ಮಾಲಿನ ಮೇಲೆ ಇರಬೇಕು. ಉತ್ತರ ಐರ್ಲೆಂಡಿಗೂ ಇದು ಅನ್ವಯ, ಹಾಗಾಗಿ ಒಂದೇ ದೇಶದೊಳಗಿನ ಬೆಲ್‌ಫಾಸ್ಟಿಗೆ ಕಳಿಸುವುದನ್ನೇ ಎಷ್ಟೋ ಸಣ್ಣವರು ಬಿಟ್ಟರು. ನಮಗೆ ಉಟ್ರೆಕ್ಟಿನ ಆ ಹಳೇ ಗಿರಾಕಿಯೇ ಜವಾಬ್ದಾರರಾಗಲು ಒಪ್ಪಿದರು. ಹೌದು, 2021ರಲ್ಲಿ ಮಾಲು ವಾಪಸ್ ಕಳಿಸಿದ ಅವರೇ. ಅವರಿಗಾಗಿ ಪ್ರತಿ ಬಣ್ಣದ ರಾಸಾಯನಿಕ ಪರೀಕ್ಷೆ ಮಾಡಿಸುತ್ತೇನೆ, ಬಣ್ಣಕ್ಕೆ 120 ಪೌಂಡ್. ಎರಡೇ ಬಣ್ಣ ಆದದ್ದು ಇಲ್ಲೂ ಉಪಯೋಗಕ್ಕೆ ಬಂತು.

ಸುಂಕಕ್ಕೆ ದಾರಿ ಸಿಕ್ಕಿತು. ಜನಕ್ಕೆ ಸಿಕ್ಕಿಲ್ಲ. ನಮ್ಮಲ್ಲಿ ಹೊಲಿಯುತ್ತಿದ್ದ ಒಬ್ಬ ಪೋರ್ಚುಗೀಸ್ ಹೆಂಗಸು, ಇಬ್ಬರು ರುಮೇನಿಯಾದವರು 2020–21ರಲ್ಲಿ ಊರಿಗೆ ಹೋದವರು ಮರಳಲಿಲ್ಲ. ಅವರ ಜಾಗಕ್ಕೆ ಹೊಸಬರನ್ನು ಯುರೋಪಿನಿಂದ ಕರೆಸಿಕೊಳ್ಳುವ ಹಾಗಿಲ್ಲ. ಕುಶಲ ಕೆಲಸಗಾರರ ವೀಸಾಕ್ಕೆ ಸಂಬಳದ ಮಿತಿ 2024ರ ಏಪ್ರಿಲಿನಲ್ಲೇ 38,700 ಪೌಂಡ್ ಆಯಿತು, ಅಷ್ಟು ಸಂಬಳ ನಾನೇ ತೆಗೆದುಕೊಳ್ಳುವುದಿಲ್ಲ. ಕನಿಷ್ಠ ವೇತನ 2021ರಲ್ಲಿ ಗಂಟೆಗೆ 8.91 ಇದ್ದದ್ದು 2025ಕ್ಕೆ 12.21. ಕೊಡಬೇಕಾದದ್ದೇ, ಕೊಡುತ್ತೇನೆ. ಆದರೆ ಕಾಲರ್ ಕೂರಿಸಲು ಬರುವ ಕೈ ಸಿಗುತ್ತಿಲ್ಲ. ಏಳು ಮೆಷಿನಿನಲ್ಲಿ ಐದು ಓಡುತ್ತಿವೆ. ಒಕ್ಕೂಟ ಬಿಟ್ಟದ್ದರಿಂದ ದೇಶದ ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4ರಷ್ಟು ಕಡಿಮೆ ಆಗುತ್ತದೆ ಎಂದು ಸರ್ಕಾರದ್ದೇ ಬಜೆಟ್ ಅಂದಾಜು ಸಂಸ್ಥೆ ಹೇಳುತ್ತದೆ. ನನಗೆ ಆ ನಾಲ್ಕು ಎಂದರೆ ಆ ಎರಡು ಮುಚ್ಚಿದ ಮೆಷಿನ್.

ಯುರೋಪಿನ ವಹಿವಾಟು ಹೋದ ವರ್ಷ 95,000 ಪೌಂಡ್ ದಾಟಿತು. ಹದಿನೇಳು ಅಂಗಡಿ. ಹಳಬರು ಹನ್ನೊಂದು, ಹೊಸಬರು ಆರು. ಇಂಡಿಯಾ–ಬ್ರಿಟನ್ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ಕ್ಕೆ ಸಹಿ ಬಿತ್ತು. ಅದರಿಂದ ಬಿಳಿ ಬಟ್ಟೆ ಇನ್ನೂ ಅಗ್ಗ ಆದೀತು ಎಂದು ಕೆಲವರು ನನಗೆ ಅಭಿನಂದನೆ ಹೇಳಿದರು. ಆದರೆ ಆ ಬಟ್ಟೆಯನ್ನು ಇಲ್ಲಿ ಸುಮ್ನೆ ಹೊಲಿದು ಯುರೋಪಿಗೆ ಕಳಿಸಿದರೆ ಅದೇ ಶೇ. 12. ಆ ಬಾಗಿಲು ತೆರೆಯುವುದು ಈಗಲೂ ಪ್ರಿಂಟಿಂಗ್ ಟೇಬಲೇ.

ಕಾಕಾಗೆ ಈಗ ಎಪ್ಪತ್ತನಾಲ್ಕು. ಅವರ ಮೊಮ್ಮಗ ಶನಿವಾರ ಬಂದು ಟೇಬಲಿನ ಆಚೆ ಬದಿ ಹಿಡಿಯುತ್ತಾನೆ. ಮೊನ್ನೆ ಸ್ಕ್ವೀಜಿ ಎಳೆಯುವಾಗ ಸದ್ದು ನಡುವೆ ಮುರಿಯಿತು. ಕಾಕಾ ಬಾಯಿ ತೆಗೆಯುವ ಮೊದಲೇ ಹುಡುಗ "ಇಲ್ಲಿ ಬಣ್ಣ ಕಡಿಮೆ" ಎಂದ. ಸ್ಕ್ರೀನ್ ಎತ್ತಿ ಆ ಚೌಕಕ್ಕೆ ಗುರುತು ಹಾಕಿ, ಹಾಳೆಯಲ್ಲಿ ಬರೆದುಕೊಂಡು, ಮುಂದಿನ ಚೌಕಕ್ಕೆ ಹೋದೆವು. 28ಕ್ಕೆ ಹಡಗು, ಇನ್ನೂ 240 ಮೀಟರ್ ಬಾಕಿ ಇತ್ತು.